ಪಠ್ಯ ಪುಣೆಯದು, ಮಾತು ಕನ್ನಡದ್ದು

2020ರ ಜುಲೈ 20, ಸೋಮವಾರ. ಮುಂಬೈ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ಅಂದು ‘ಟಿಲಿಮಿಲಿ’ ಎಂಬ ಪಾಠಮಾಲಿಕೆ ಶುರುವಾಯಿತು. ಒಂದರಿಂದ ಎಂಟನೆಯ ಇಯತ್ತೆಯ (ತರಗತಿಯ) ಮಕ್ಕಳಿಗೆ, ಮರಾಠಿಯಲ್ಲಿ. ಅದೇ ದಿನ ಬೆಂಗಳೂರಿನ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಸೇತುಬಂಧ ಪಾಠಗಳು ಕನ್ನಡದಲ್ಲಿ ಬರತೊಡಗಿದವು. ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದು ಆಗಲೇ ನಾಲ್ಕು ತಿಂಗಳಾಗಿತ್ತು. ಎರಡೂ ಸರ್ಕಾರಗಳು ತಮ್ಮ ತಮ್ಮ ಮಕ್ಕಳಿಗೆ ಒಂದು ದಾರಿ ಮಾಡಿಕೊಟ್ಟವು ಎನ್ನುವಾಗ, ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ಉಮದಿ, ಸಂಖ, ಗುಡ್ಡಾಪುರದ ಕಡೆಯ ಕನ್ನಡ ಶಾಲೆಯ ಮಕ್ಕಳು ಎರಡರ ನಡುವೆ ಉಳಿದರು. ಸಹ್ಯಾದ್ರಿಯ ಪಾಠ ಅವರ ಪುಸ್ತಕದ್ದೇ, ಭಾಷೆ ಬೇರೆ. ಚಂದನದ ಭಾಷೆ ಅವರದೇ, ಪುಸ್ತಕ ಬೇರೆ.

ಜತ್ತದ ಪೂರ್ವಭಾಗ ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಸೀಮೆ. ಒಂದು ಕಾಲಕ್ಕೆ ಡಫಳೆ ಮನೆತನದ ಸಂಸ್ಥಾನ; ಸ್ವಾತಂತ್ರ್ಯದ ನಂತರ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, ಆ ಜಿಲ್ಲೆಯೇ ಮುಂದೆ ಸಾಂಗ್ಲಿ ಎಂದಾಯಿತು. ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವವರಲ್ಲಿ ಕರ್ನಾಟಕದವರೇ ಬಹಳ. ಮನೆಯಲ್ಲಿ, ಸಂತೆಯಲ್ಲಿ, ಕುರಿ ಹಟ್ಟಿಯಲ್ಲಿ ಕನ್ನಡ. ತಹಶೀಲ್ದಾರ ಕಚೇರಿಯಲ್ಲಿ ಮರಾಠಿ. ಶಾಲೆಯಲ್ಲಿ ಇವೆರಡೂ ಒಂದು ವಿಚಿತ್ರ ರೀತಿಯಲ್ಲಿ ಕೂಡಿಕೊಂಡಿವೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ, ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ, ಕನ್ನಡ ಅದರಲ್ಲೊಂದು. ಹಾಗಾಗಿ ಜತ್ತದ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯ ಹುಡುಗಿ ಪರಿಸರ ಅಭ್ಯಾಸದ ಎರಡನೆಯ ಭಾಗದಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತಾಳೆ. ಮರಾಠಿಯನ್ನು ‘ಸುಲಭಭಾರತಿ’ಯಿಂದ ಕಲಿಯುತ್ತಾಳೆ. ಹತ್ತನೆಯದಕ್ಕೆ ಬಂದಾಗ ಕೊಲ್ಹಾಪುರ ವಿಭಾಗೀಯ ಮಂಡಳಿಯ ಅಡಿಯಲ್ಲಿ ಎಸ್‌ಎಸ್‌ಸಿ ಪರೀಕ್ಷೆಗೆ ಕೂರುತ್ತಾಳೆ. ಯೂಟ್ಯೂಬ್‌ನಲ್ಲಿ ಕನ್ನಡ ಪಾಠಗಳಿಗೆ ಬರವಿಲ್ಲ. ಆದರೆ ಈ ಹುಡುಗಿಯ ಪುಸ್ತಕ ಹಿಡಿದು ಮಾಡಿದ ಪಾಠ ಹುಡುಕಿದರೂ ಸಿಗುವುದು ಅಪರೂಪ.

ಆನ್‌ಲೈನ್ ಕೋರ್ಸ್ ಕಲಿಸಲು ಹೇಗೆ ತಯಾರಾಗಬೇಕು ಎಂಬ ಬಗ್ಗೆ ಈಗ ಕೈಪಿಡಿಗಳು ಸಾಕಷ್ಟಿವೆ. ಹೆಚ್ಚಿನವು ಕ್ಯಾಮೆರಾ, ಮೈಕು, ಬೆಳಕಿನಿಂದ ಶುರು ಮಾಡುತ್ತವೆ. ಜತ್ತದ ಗುರೂಜಿಗೆ ಅಥವಾ ಬಾಯಿಗೆ (ಅಲ್ಲಿ ಶಿಕ್ಷಕಿಯನ್ನು ಹಾಗೇ ಕರೆಯುವುದು) ಅದಕ್ಕಿಂತ ಮೊದಲಿನ ಕೆಲಸವೊಂದಿದೆ: ಯಾವುದನ್ನು ಬೇರೆಯವರಿಂದ ಎರವಲು ತರಬಹುದು, ಯಾವುದನ್ನು ತಾನೇ ಮಾಡಬೇಕು ಎಂದು ಪುಸ್ತಕದ ಪರಿವಿಡಿಯ ಮೇಲೆ ಗುರುತು ಹಾಕಿಕೊಳ್ಳುವುದು. ತಯಾರಿಯ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಹತ್ತನೆಯ ಇಯತ್ತೆಯ ಗಣಿತವನ್ನೇ ನೋಡಬಹುದು. ಮಹಾರಾಷ್ಟ್ರದಲ್ಲಿ ಅದು ಎರಡು ಭಾಗ, ಎರಡು ಪ್ರಶ್ನೆಪತ್ರಿಕೆ, ತಲಾ 40 ಅಂಕ; ಮೊದಲನೆಯದು ಬೀಜಗಣಿತ, ಎರಡನೆಯದು ರೇಖಾಗಣಿತ. ಕರ್ನಾಟಕದಲ್ಲಿ ಎನ್‌ಸಿಇಆರ್‌ಟಿ ಮಾದರಿಯ ಒಂದೇ ಗಣಿತ. ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಭುಜಗಳ ಸಮರೂಪತೆ, ತ್ರಿಕೋನಮಿತಿ ಎರಡೂ ಕಡೆ ಇವೆ. ಚಂದನದ್ದೋ ಖಾನ್ ಅಕಾಡೆಮಿಯ ಕನ್ನಡ ವಿಡಿಯೊವೋ ಇಲ್ಲಿ ಬೇಕಾದಷ್ಟು ಕೆಲಸಕ್ಕೆ ಬರುತ್ತವೆ. ಲೆಕ್ಕದ ಕ್ರಮ, ಪರೀಕ್ಷೆಯ ಧಾಟಿ ಬೇರೆ ಎಂದು ಶಿಕ್ಷಕರು ಎರಡು ಮಾತು ಸೇರಿಸಿದರಾಯಿತು. ಆದರೆ ಬೀಜಗಣಿತದ ಪುಸ್ತಕದಲ್ಲಿ ಜಿಎಸ್‌ಟಿ, ಷೇರು, ಮ್ಯೂಚುವಲ್ ಫಂಡ್ ಲೆಕ್ಕಗಳ ಒಂದು ಇಡೀ ಅಧ್ಯಾಯವಿದೆ. ಕರ್ನಾಟಕದ ಹತ್ತನೇ ತರಗತಿಯ ಪುಸ್ತಕದಲ್ಲಿ ಅದು ಇಲ್ಲ. ಮರಾಠಿಯಲ್ಲಿ ಅದರ ಪಾಠಗಳು ರಾಶಿ ಬಿದ್ದಿವೆ, ಕನ್ನಡದಲ್ಲಿ ಎರವಲು ತರಲು ಜಾಗವಿಲ್ಲ.

ಈ ಅಧ್ಯಾಯ ಮನೆಯಲ್ಲೇ ತಯಾರಾಗಬೇಕು, ಹಾಗೆ ತಯಾರಾದರೆ ಚೆಲುವಾಗಿಯೂ ಬರುತ್ತದೆ. ಗಡಿಯ ಊರಿಗೆ ಜಿಎಸ್‌ಟಿ ಅಷ್ಟು ಹತ್ತಿರದ ವಿಷಯ. ಜತ್ತ ಪೇಟೆಯ ರೈತ ಸಾವಿರ ರೂಪಾಯಿ ಮೂಲಬೆಲೆಯ ಗೊಬ್ಬರ ಕೊಂಡರೆ ಶೇಕಡಾ 5ರಂತೆ 50 ರೂಪಾಯಿ ತೆರಿಗೆ. ಬಿಲ್ಲಿನಲ್ಲಿ ಅದು ಎರಡು ಸಾಲಾಗಿ ಒಡೆದಿರುತ್ತದೆ, ಸಿಜಿಎಸ್‌ಟಿ 25, ಎಸ್‌ಜಿಎಸ್‌ಟಿ 25. ಅದೇ ಜತ್ತದ ಅಂಗಡಿಯವರು ವಿಜಯಪುರದ ಸಗಟು ವ್ಯಾಪಾರಿಯಿಂದ ಮಾಲು ತರಿಸಿದರೆ ಬಿಲ್ಲಿನಲ್ಲಿ ಒಂದೇ ಸಾಲು, ಐಜಿಎಸ್‌ಟಿ 50. ದುಡ್ಡು ಅಷ್ಟೇ, ಹಂಚಿಕೆ ಬೇರೆ. ಹೀಗೇಕೆ ಎಂದು ಕೇಳಿದರೆ ಉತ್ತರ ಊರಾಚೆಯ ಗಡಿಕಲ್ಲಿನಲ್ಲೇ ಇದೆ. ಎರಡು ಬಿಲ್ಲುಗಳ ಫೋಟೊ, ಅವುಗಳ ಮೇಲೆ ಬೆರಳಿಟ್ಟು ತೋರಿಸುವ ಕೈ, ಆರು ನಿಮಿಷದ ಮಾತು. (ಬಿಲ್ಲಿನ ಮೇಲಿರುವ ಹೆಸರು, ನಂಬರು ಮರೆಮಾಡಿಯೇ ಫೋಟೊ ತೆಗೆಯಬೇಕು, ಅದೂ ತಯಾರಿಯ ಭಾಗವೇ.) ಪುಣೆಯ ಸ್ಟುಡಿಯೊದಲ್ಲಾಗಲಿ ಬೆಂಗಳೂರಿನ ಸ್ಟುಡಿಯೊದಲ್ಲಾಗಲಿ ಈ ಪಾಠಕ್ಕೆ ಇಂಥ ಉದಾಹರಣೆ ಹೊಳೆಯುವುದು ಕಷ್ಟ.

ಆರು ನಿಮಿಷ ಎಂಬುದು ಸುಮ್ಮನೆ ಹೇಳಿದ ಅಂಕಿಯಲ್ಲ. 2014ರಲ್ಲಿ ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ಕುಳಿತು ನೋಡಿದ್ದು ಹೆಚ್ಚೆಂದರೆ ಆರು ನಿಮಿಷದ ಆಸುಪಾಸು. ಭಾರಿ ಖರ್ಚಿನ ಸ್ಟುಡಿಯೊ ಚಿತ್ರೀಕರಣಕ್ಕಿಂತ ಮೇಜಿನ ಮುಂದೆ ಕೂತು ಆಪ್ತವಾಗಿ ಹೇಳಿದ್ದು, ಕೈಯಲ್ಲಿ ಬರೆಯುತ್ತ ವಿವರಿಸಿದ್ದು ಹೆಚ್ಚು ಹಿಡಿಸಿದವು. ತರಗತಿಯಲ್ಲಿ ಮಾಡಿದ ಒಂದು ಗಂಟೆಯ ಪಾಠವನ್ನು ಚಿತ್ರಿಸಿ ಆಮೇಲೆ ತುಂಡು ಮಾಡಿದರೆ ಅಷ್ಟು ಫಲವಿಲ್ಲ. ಮೊದಲೇ ಚಿಕ್ಕದಾಗಿ ಯೋಚಿಸಿಕೊಂಡಿದ್ದರೆ ಮಾತ್ರ ನಿಲ್ಲುತ್ತದೆ. ಸ್ಟುಡಿಯೊ ಇಲ್ಲದ ಊರಿನವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇಕಿಲ್ಲ.

ದೂರದಿಂದ ಕಲಿಸುವುದು ಈ ಸೀಮೆಗೆ ಹೊಸತೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ (ಈಗಿನ ವಿಜಯಪುರ), ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ 22 ನಿಮಿಷ ಚಿಲ್ಲರೆಯ ಕಾರ್ಯಕ್ರಮ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ. ಜತ್ತದಿಂದ ಕೂಗಳತೆಯಲ್ಲಿದ್ದ ಹಳ್ಳಿಗಳಿಗೆ ಆಕಾಶದಿಂದ ಪಾಠ ಇಳಿಯಿತು. ಜತ್ತಕ್ಕೆ ಇಳಿಯಲಿಲ್ಲ, ಅದು ಬೇರೆ ರಾಜ್ಯ. ಆ ಪ್ರಯೋಗದ ಒಂದು ಅಂಶವನ್ನು ಈಗಿನವರು ನೆನೆಯುವುದು ಕಡಿಮೆ. ಮಕ್ಕಳಿಗೆ ಕಾರ್ಯಕ್ರಮ ತೋರಿಸಿದ್ದಷ್ಟೇ ಅಲ್ಲ, ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಟಿವಿ, ರೇಡಿಯೊ, ಅಚ್ಚಾದ ಪುಸ್ತಿಕೆ, ಕೈಯಿಂದ ಮಾಡುವ ಚಟುವಟಿಕೆ ಸೇರಿಸಿ ಕೊಟ್ಟರು. ಪರದೆ ಒಂದೇ ಪಾಠ ಮಾಡುವುದಿಲ್ಲ ಎಂದು ಆಗಲೇ ಗೊತ್ತಿತ್ತು. 2017ರಲ್ಲಿ ಬಂದ ಕೇಂದ್ರ ಸರ್ಕಾರದ ‘ಸ್ವಯಂ’ ಕೂಡ ಕೋರ್ಸ್ ಎಂದರೆ ನಾಲ್ಕು ಪಾಲು ಎನ್ನುತ್ತದೆ: ವಿಡಿಯೊ, ಓದುವ ಸಾಮಗ್ರಿ, ತಾನೇ ತನ್ನನ್ನು ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂಶಯ ಕೇಳುವ ಜಾಗ. ನಾಲ್ಕರಲ್ಲಿ ವಿಡಿಯೊ ಒಂದು ಮಾತ್ರ. ಉಳಿದ ಮೂರನ್ನು ಮಾಡಿಕೊಳ್ಳದೆ ಕ್ಯಾಮೆರಾ ಮುಂದೆ ನಿಂತವರೇ 2020ರಲ್ಲಿ ಹೆಚ್ಚು. ಅವಸರದ ಕಾಲ, ಬೈಯುವಂತಿಲ್ಲ.

ಸಾಧನದ ಪ್ರಶ್ನೆಗೆ ಬಂದರೆ ಮೊದಲು ಲೆಕ್ಕ ಹಾಕಬೇಕು. ಮೊಬೈಲಿನಲ್ಲಿ ಪೂರ್ಣ ಎಚ್‌ಡಿ ಗುಣಮಟ್ಟದಲ್ಲಿ ಚಿತ್ರಿಸಿದರೆ ನಿಮಿಷಕ್ಕೆ ನೂರು ಎಂಬಿಯ ಆಸುಪಾಸು. ಆರು ನಿಮಿಷದ ಪಾಠ ಆರುನೂರು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿದ ಮನೆಯಲ್ಲಿ ಮೂರು ಮಕ್ಕಳಿದ್ದರೆ ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ವಾಟ್ಸ್ಯಾಪ್ 2020ರಲ್ಲಿ 16 ಎಂಬಿಗಿಂತ ದೊಡ್ಡ ವಿಡಿಯೊವನ್ನು ಸಾಗಿಸುತ್ತಲೂ ಇರಲಿಲ್ಲ. ಅದೇ ಆರು ನಿಮಿಷದ ಮಾತನ್ನು 32 ಕೆಬಿಪಿಎಸ್ ದರದ ಧ್ವನಿಯಾಗಿ ಕಳಿಸಿದರೆ ಒಂದೂವರೆ ಎಂಬಿಯೂ ಆಗುವುದಿಲ್ಲ, ಜೊತೆಗೆ ಫಳದ (ಹಲಗೆಯ) ಮೇಲೆ ಬರೆದ ಲೆಕ್ಕದ ಒಂದು ಫೋಟೊ. ರೇಂಜ್ ಒಂದು ಗೀಟು ಬಂದು ಹೋಗುವ ಗುಡ್ಡದ ಮಗ್ಗುಲಿನಲ್ಲೂ ಅದು ಇಳಿಯುತ್ತದೆ. ಎರಡು ಸಲ, ಮೂರು ಸಲ ಕೇಳಬಹುದು. ಧ್ವನಿ ಮತ್ತು ಚಿತ್ರದ ಈ ಜೋಡಿ ನೋಡಲು ಬಡವಾಗಿ ಕಂಡರೂ ಹಳ್ಳಿಗೆ ನೇರ ಪ್ರಸಾರದ ತರಗತಿಗಿಂತ ಒಳ್ಳೆಯದು. ನೇರ ಪ್ರಸಾರಕ್ಕೆ ಮಗು, ಮೊಬೈಲ್, ರೇಂಜ್, ಶಿಕ್ಷಕರು ನಾಲ್ಕೂ ಒಂದೇ ಗಳಿಗೆಗೆ ಕೂಡಿಬರಬೇಕು.

ಕೂಡಿಬರುವುದು ಎಷ್ಟು ಕಷ್ಟ ಎಂಬುದನ್ನು ಅಸರ್ ಸಮೀಕ್ಷೆ 2020ರ ಅಕ್ಟೋಬರ್‌ನಲ್ಲಿ ಅಂಕಿಗಳಲ್ಲಿ ಹೇಳಿತು. ಗ್ರಾಮೀಣ ಭಾರತದಲ್ಲಿ ಶಾಲೆಗೆ ಸೇರಿದ ಮಕ್ಕಳ ಪೈಕಿ ಶೇಕಡಾ 61.8ರ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಎರಡು ವರ್ಷದ ಹಿಂದೆ ಇದು 36.5. ಆದರೆ ಸಮೀಕ್ಷೆಯ ಹಿಂದಿನ ವಾರ ಶಾಲೆಯಿಂದ ಏನಾದರೂ ಕಲಿಕಾ ಸಾಮಗ್ರಿ ತಲುಪಿದ್ದು ಮೂರರಲ್ಲಿ ಒಂದು ಭಾಗದ ಮಕ್ಕಳಿಗೆ. ಮನೆಯಲ್ಲಿ ಫೋನಿದೆ ಎಂದ ಮಾತ್ರಕ್ಕೆ ಮಗುವಿನ ಕೈಗೆ ಫೋನಿದೆ ಎಂದಲ್ಲ. ಜತ್ತದಂಥ ಬರದ ತಾಲ್ಲೂಕಿನಲ್ಲಿ ಇದು ಇನ್ನೂ ನಿಜ. ಫೋನು ಅಪ್ಪನ ಅಂಗಿಯ ಕಿಸೆಯಲ್ಲಿ ಹೊಲಕ್ಕೆ ಹೋಗಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಅಪ್ಪ ಅವ್ವ ಇಬ್ಬರೂ ಸಕ್ಕರೆ ಕಾರ್ಖಾನೆಯ ಕಡೆ, ಮಗು ಅಜ್ಜಿಯ ಹತ್ತಿರ ಅಥವಾ ಅವರ ಜೊತೆಗೇ ಬೈಲಿನ ಜೋಪಡಿಯಲ್ಲಿ. ಕುರಿ ಕಾಯುವವರ ಮನೆ ತಿಂಗಳಿಗೊಂದು ಊರಿನಲ್ಲಿ. ಕೋರ್ಸಿನ ವೇಳಾಪಟ್ಟಿ ಬರೆಯುವ ಮುಂಚೆ ಈ ಪಂಚಾಂಗ ನೋಡಬೇಕು. ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2020ರ ಜುಲೈ 14ರಂದು ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ, ಎಂಟನೆಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತು. ಒಳ್ಳೆಯ ಮಿತಿ. ದಿನದ ಯಾವ ಹೊತ್ತಿನಲ್ಲಿ ಎಂಬುದು ಮಾತ್ರ ಊರೂರಿಗೆ ಬೇರೆ. ಜತ್ತದಲ್ಲಿ ಅದು ದೀಪ ಹಚ್ಚಿದ ಮೇಲೆಯೇ.

ದೀಪ ಹಚ್ಚಿದ ಮೇಲಿನ ಹೊತ್ತಿಗೂ ಅದೇ ಜಿಲ್ಲೆಯಲ್ಲಿ ಬೇರೊಂದು ಕಥೆಯಿದೆ. ಕಡೇಗಾಂವ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್‌ನಿಂದ ಸಂಜೆ 7ಕ್ಕೆ ಸೈರನ್ ಮೊಳಗುತ್ತದೆ. ಒಂದೂವರೆ ಗಂಟೆ ಟಿವಿ, ಮೊಬೈಲ್ ಎರಡೂ ಬಂದ್, ಮಕ್ಕಳು ಪುಸ್ತಕ ಹಿಡಿಯಬೇಕು. ಆನ್‌ಲೈನ್ ತರಗತಿಯ ನೆಪದಲ್ಲಿ ಕೈಗೆ ಬಂದ ಫೋನು ಶಾಲೆ ತೆರೆದರೂ ಕೈಬಿಡಲಿಲ್ಲ ಎಂಬುದೇ ಊರವರ ದೂರು. ಒಂದು ಕಡೆ ಫೋನು ಸಿಗದ ಮಗು, ಇನ್ನೊಂದು ಕಡೆ ಫೋನು ಬಿಡದ ಮಗು. ಪಾಠ ಸಿದ್ಧಪಡಿಸುವವರು ಇಬ್ಬರನ್ನೂ ಕಣ್ಣ ಮುಂದಿಟ್ಟುಕೊಳ್ಳಬೇಕಾಗಿದೆ. ಆರು ನಿಮಿಷ ಕೇಳು, ಆಮೇಲೆ ಫೋನು ಕೆಳಗಿಟ್ಟು ವಹಿಯಲ್ಲಿ ಇಷ್ಟು ಬರೆ, ಬರೆದದ್ದರ ಫೋಟೊ ನಾಳೆ ಕಳಿಸು ಎಂಬ ಕ್ರಮವನ್ನು ಪಾಠದೊಳಗೇ ಹೆಣೆದರೆ ಎರಡೂ ಕಡೆಗೆ ಅಷ್ಟಿಷ್ಟು ಅನುಕೂಲ.

ಪರದೆಯೇ ಇಲ್ಲದ ದಾರಿಗಳನ್ನೂ ನೆರೆಯ ಸೋಲಾಪುರ ತೋರಿಸಿದೆ. ಅಲ್ಲಿನ ನೀಲಮನಗರದಲ್ಲಿ, ದುಡಿಯುವವರ ಬಡಾವಣೆಯಲ್ಲಿ, ಆಶಾ ಮರಾಠಿ ವಿದ್ಯಾಲಯದ ಶಿಕ್ಷಕರು 2020ರಲ್ಲಿ ಮನೆಗಳ ಹೊರಗೋಡೆಯ ಮೇಲೆಲ್ಲ ಪಾಠ ಬರೆಸಿದರು. ಮಗ್ಗಿ, ವ್ಯಾಕರಣ, ಆಕೃತಿಗಳು; ನಡೆದು ಹೋಗುತ್ತ ಓದುವುದು. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆ ಗುರೂಜಿಗೆ ಅದೇ ವರ್ಷದ ಡಿಸೆಂಬರ್ 3ರಂದು ಹತ್ತು ಲಕ್ಷ ಡಾಲರ್‌ಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾಯಿತು. ಅರ್ಧವನ್ನು ಅವರು ಉಳಿದ ಒಂಬತ್ತು ಜನ ಅಂತಿಮ ಸ್ಪರ್ಧಿಗಳಿಗೆ ಹಂಚಿದರು. ಪಠ್ಯದ ಪುಟಗಳಲ್ಲಿ ಕ್ಯೂಆರ್ ಕೋಡ್ ಇಟ್ಟು, ಅದನ್ನು ಸ್ಕ್ಯಾನ್ ಮಾಡಿದರೆ ಪದ್ಯ, ಕಥೆ, ಅಭ್ಯಾಸ ತೆರೆಯುವಂತೆ ಮಾಡಿದ್ದು ಅವರ ಹೆಸರು ಮಾಡಿದ ಕೆಲಸ. ಕನ್ನಡದ ಓದುಗರು ಗಮನಿಸಬೇಕಾದದ್ದು, ಪ್ರಶಸ್ತಿಯವರು ಪ್ರಕಟಿಸಿದ ಪರಿಚಯದಲ್ಲಿ ಮಕ್ಕಳ ಮೊದಲ ಭಾಷೆ ಕನ್ನಡ, ಪಠ್ಯ ಇದ್ದದ್ದು ಬೇರೆ ಭಾಷೆಯಲ್ಲಿ ಎಂಬ ಮಾತಿದೆ. ಜತ್ತದ ಕನ್ನಡ ಶಾಲೆಯಲ್ಲಿ ಪುಸ್ತಕವಾದರೂ ಕನ್ನಡದಲ್ಲಿದೆ. ಆ ಮಟ್ಟಿಗೆ ಅಲ್ಲಿನ ಶಿಕ್ಷಕರಿಗೆ ಅರ್ಧ ಕೆಲಸ ಮುಗಿದಂತೆಯೇ.

ಉಳಿದರ್ಧದಲ್ಲಿ ಯಾವ ಕನ್ನಡದಲ್ಲಿ ಹೇಳುವುದು ಎಂಬ ಪ್ರಶ್ನೆ ಬರುತ್ತದೆ. ಪುಸ್ತಕದ ಕನ್ನಡ ಗ್ರಾಂಥಿಕ. ಮಗುವಿನ ಕನ್ನಡ ವಿಜಯಪುರದ ಕಡೆಯದು, ಮರಾಠಿ ಬೆರೆತದ್ದು. ಎದುರುಬದುರಾಗಿ ಪಾಠ ಮಾಡುವಾಗ ಗುರೂಜಿ ‘ತಿಳೀತೇನ್ರೆಪಾ’ ಎಂದು ಕೇಳಿ, ಮುಖ ನೋಡಿ, ಮತ್ತೊಮ್ಮೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ರೆಕಾರ್ಡ್ ಮಾಡುವಾಗ ಎದುರಿಗೆ ಮುಖವಿಲ್ಲ. ನಾಲಿಗೆ ತಾನಾಗಿ ಪುಸ್ತಕದ ಕನ್ನಡಕ್ಕೆ, ಕೆಲವೊಮ್ಮೆ ಭಾಷಣದ ಕನ್ನಡಕ್ಕೆ ಜಾರುತ್ತದೆ. ವ್ಯಾಖ್ಯೆ, ಪಾರಿಭಾಷಿಕ ಪದ ಪುಸ್ತಕದಲ್ಲಿರುವಂತೆಯೇ ಇರಲಿ, ಏಕೆಂದರೆ ಪರೀಕ್ಷೆಯಲ್ಲಿ ಅದನ್ನೇ ಬರೆಯಬೇಕು. ವಿವರಣೆ ಮಾತ್ರ ಊರಿನ ಮಾತಿನಲ್ಲಿ ಬಂದರೆ ಮಗು ಕಿವಿಗೊಡುತ್ತದೆ.

ಮರಾಠಿ ಪಾಠವನ್ನು ಹಾಗೇ ಕನ್ನಡಕ್ಕೆ ಡಬ್ ಮಾಡಿದರೆ ಸಾಲದೇ ಎನ್ನುವವರಿಗೆ ಒಂದು ಉದಾಹರಣೆ. 2019ರಲ್ಲಿ ಬಾಲಭಾರತಿ ಎರಡನೆಯ ಇಯತ್ತೆಯ ಗಣಿತದಲ್ಲಿ ಸಂಖ್ಯೆ ಓದುವ ಕ್ರಮ ಬದಲಿಸಿತು. ಬಿಡಿ ಮೊದಲು, ಹತ್ತು ಆಮೇಲೆ ಬರುವ ಮರಾಠಿ ಸಂಖ್ಯೆಗಳು ಮಕ್ಕಳನ್ನು ತಬ್ಬಿಬ್ಬು ಮಾಡುತ್ತವೆಂದು ‘ವೀಸ್ ಏಕ್’ ಎಂಬ ಓದನ್ನೂ ತಂದಿತು. ಮಹಾರಾಷ್ಟ್ರದಲ್ಲಿ ಗದ್ದಲವೋ ಗದ್ದಲ. ಕನ್ನಡದಲ್ಲಿ ಇಪ್ಪತ್ತೊಂದು ಎನ್ನುವ ಮಗುವಿಗೆ ಆ ತೊಡಕೇ ಇಲ್ಲ. ಡಬ್ ಮಾಡಿದ ವಿಡಿಯೊ ಅದಕ್ಕಿಲ್ಲದ ರೋಗಕ್ಕೆ ಹತ್ತು ನಿಮಿಷ ಔಷಧ ಕೊಡುತ್ತದೆ.

ಬರವಣಿಗೆಯ ಕಡೆಯೂ ಒಂದು ಸಣ್ಣ ಕಾಟವಿದೆ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯುನಿಕೋಡ್‌ನಲ್ಲೇ ಬರೆಯಬೇಕು, ಇಲ್ಲವೇ ಕೈಬರಹದ ಫೋಟೊ ಕಳಿಸಬೇಕು. ಅಕ್ಷರ ಚೆನ್ನಾಗಿದ್ದವರಿಗೆ ಎರಡನೆಯದೇ ಬೇಗ ಆಗುವ ಕೆಲಸ.

ಶಿಕ್ಷಕರು ಸ್ವತಃ ಆನ್‌ಲೈನ್ ವಿದ್ಯಾರ್ಥಿಗಳಾದದ್ದೂ ಆ ಕಾಲದಲ್ಲೇ. 2020ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ದೀಕ್ಷಾ ಜಾಲವೇದಿಕೆಯಲ್ಲಿ ನಡೆದ ‘ನಿಷ್ಠಾ’ ಶಿಕ್ಷಕ ತರಬೇತಿಯಲ್ಲಿ ಪ್ರಾಥಮಿಕ ಹಂತಕ್ಕೆ 18 ಘಟಕಗಳಿದ್ದವು. ವಿಡಿಯೊ ಓಡಿಸಿಬಿಟ್ಟು ಬೇರೆ ಕೆಲಸ ಮಾಡುವುದು, ಪ್ರಶ್ನೆಗೆ ಉತ್ತರ ಗುಂಪಿನಲ್ಲಿ ಕೇಳುವುದು, ಪ್ರಮಾಣಪತ್ರ ಬಂದ ಕೂಡಲೇ ಸ್ಟೇಟಸ್ಸಿಗೆ ಹಾಕುವುದು: ಮಕ್ಕಳು ಏನೇನು ಮಾಡುತ್ತಾರೆಂದು ದೊಡ್ಡವರಿಗೆ ಅನುಭವದಿಂದಲೇ ತಿಳಿಯಿತು. ಎಲ್ಲಿ ಬೇಸರ ಬಂತು, ಎಲ್ಲಿ ಮನಸ್ಸು ನಿಂತಿತು ಎಂದು ಆ ತರಬೇತಿಯನ್ನೇ ನೆನಪಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ.

ಶಾಲೆ ತೆರೆದು ವರ್ಷಗಳಾದವು, ಈಗೇಕೆ ಈ ಮಾತು ಎನ್ನಬಹುದು. ಕಾರಣ, ಜತ್ತದ ಕನ್ನಡ ಶಾಲೆಗಳ ಈಗಿನ ಕೊರತೆ ಕಲಿಸುವವರದು. ಕನ್ನಡ ಬಾರದ ಮರಾಠಿ ಶಿಕ್ಷಕರನ್ನು ಈ ಶಾಲೆಗಳಿಗೆ ನೇಮಿಸಿದ್ದು 2024ರಲ್ಲಿ ಸುದ್ದಿಯಾಗಿ, ಕರ್ನಾಟಕ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುವವರೆಗೂ ಹೋಯಿತು. ಗಣಿತವನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಬಲ್ಲ ಒಬ್ಬರು ಸಂಖದಲ್ಲಿದ್ದು, ಹತ್ತು ಕಿಲೋಮೀಟರಿನಾಚೆಯ ಶಾಲೆಯಲ್ಲಿ ಯಾರೂ ಇಲ್ಲದಿದ್ದರೆ ಅವರ ಧ್ವನಿ ಅಲ್ಲಿಗೆ ಹೋಗುವುದು ಉಪಕಾರವೇ. ಆದರೆ ಈ ದಾರಿಯಲ್ಲಿ ಅಪಾಯವೂ ಇದೆ: ರೆಕಾರ್ಡಿಂಗ್ ಇದೆಯಲ್ಲ ಎಂದು ಹುದ್ದೆಯನ್ನು ಖಾಲಿ ಬಿಡುವುದು ಯಾವ ಕಚೇರಿಗೂ ಸುಲಭ. ಸೈಟ್ ಕಾಲದಲ್ಲೂ ಟಿವಿಯ ಪಕ್ಕ ಒಬ್ಬ ಶಿಕ್ಷಕ ನಿಂತಿರಬೇಕೆಂದೇ ಯೋಜನೆ ಇತ್ತು. ಆನ್‌ಲೈನ್ ಕೋರ್ಸನ್ನು ಶಿಕ್ಷಕರ ಬದಲಿಗೆಂದು ಕೇಳುವವರು ಮಕ್ಕಳ ಪರವಾಗಿ ಕೇಳುತ್ತಿಲ್ಲ.

ಮಾಡುವವರಿಗೆ ಹೊತ್ತೆಲ್ಲಿದೆ ಎಂಬುದು ಕೊನೆಯ ತೊಡಕು. ಆರು ನಿಮಿಷದ ಪಾಠವನ್ನು ಬರೆದು, ಓದಿ, ಧ್ವನಿ ಹಿಡಿದು, ಗಾಡಿಯ ಹಾರ್ನು ಬಂದಲ್ಲಿ ಮತ್ತೆ ಹಿಡಿದು ಮುಗಿಸಲು ಅರ್ಧ ದಿನ ಹೋಗುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ, ಮತದಾರರ ಪಟ್ಟಿಯ ಕೆಲಸವೂ ಹೆಗಲ ಮೇಲಿರುವಾಗ, ಇಡೀ ಪುಸ್ತಕ ಒಬ್ಬರಿಂದ ಆಗದು. ಆದರೆ ಮಹಾರಾಷ್ಟ್ರದಲ್ಲಿ ಹತ್ತಾರು ಪ್ರಾಥಮಿಕ ಶಾಲೆ ಸೇರಿ ಒಂದು ‘ಕೇಂದ್ರ’, ಅದಕ್ಕೊಬ್ಬ ಕೇಂದ್ರಪ್ರಮುಖ, ಶಿಕ್ಷಕರೆಲ್ಲ ಕೂಡುವ ಶಿಕ್ಷಣ ಪರಿಷತ್ ಎಂಬ ವ್ಯವಸ್ಥೆ ಈಗಾಗಲೇ ಇದೆ. ಅಧ್ಯಾಯಗಳನ್ನು ಅಲ್ಲಿ ಹಂಚಿಕೊಳ್ಳಬಹುದು. ಹೈಸ್ಕೂಲಿನಲ್ಲೂ ಹೀಗೇ ಮಾಡಬಹುದು: ಹತ್ತನೆಯದರ ರೇಖಾಗಣಿತದಲ್ಲಿ ಇರುವುದು ಏಳೇ ಅಧ್ಯಾಯ. ಏಳು ಜನ ಒಂದೊಂದು ಹಿಡಿದರೆ ದೀಪಾವಳಿ ರಜೆಯ ಹೊತ್ತಿಗೆ ಮುಗಿಯುತ್ತದೆ.

ಹಂಚುವ ಕರಾರನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕರ್ನಾಟಕದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಕೆಒಇಆರ್ ಎಂಬ ಮುಕ್ತ ಶೈಕ್ಷಣಿಕ ಸಾಮಗ್ರಿಯ ಭಂಡಾರದಲ್ಲಿ ಶಿಕ್ಷಕರು ಮಾಡಿದ ಕನ್ನಡ ಸಾಮಗ್ರಿಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಿ ಬಳಸಬಹುದು. ಜತ್ತದ ಪಾಠಗಳೂ ಅಂಥ ಮುಕ್ತ ಪರವಾನಗಿಯಲ್ಲಿ ಬಂದರೆ ಅವುಗಳಿಗೆ ಕೇಳುಗರು ಒಂದು ತಾಲ್ಲೂಕಿನವರಷ್ಟೇ ಆಗಿರುವುದಿಲ್ಲ. ಅಕ್ಕಲಕೋಟೆಯಲ್ಲಿ, ದಕ್ಷಿಣ ಸೋಲಾಪುರದಲ್ಲಿ, ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಕೈಯಲ್ಲಿರುವುದೂ ಬಾಲಭಾರತಿಯ ಇದೇ ಪುಸ್ತಕ. ಅವರು ಬರೆಯುವುದೂ ಇದೇ ಎಸ್‌ಎಸ್‌ಸಿ ಪರೀಕ್ಷೆ.